ಆಪ್ಷನ್ ಟ್ರೇಡಿಂಗ್ ಕಲಿಯೋಕೆ ಹೊರಟಿದ್ದೀರಾ? ಮೊದಲು ಈ ಲೆಕ್ಕ ನೋಡಿ

ಮಂಗಳವಾರ ಮಧ್ಯಾಹ್ನ ಯಾವುದೇ ಐಟಿ ಆಫೀಸಿನ ಕೆಫೆಟೇರಿಯಾದಲ್ಲಿ ಒಮ್ಮೆ ಕಣ್ಣಾಡಿಸಿ. ಊಟದ ತಟ್ಟೆ ಪಕ್ಕದಲ್ಲಿ ಮೊಬೈಲು, ಮೊಬೈಲಿನಲ್ಲಿ ಕೆಂಪು-ಹಸಿರು ಕಡ್ಡಿಗಳ ಚಾರ್ಟು. ನಿಫ್ಟಿಯ ವಾರದ ಆಪ್ಷನ್‌ಗಳ ಅವಧಿ ಮುಗಿಯುವುದು ಮಂಗಳವಾರ. ಅದಕ್ಕೇ ಆ ದಿನ ಮೀಟಿಂಗ್‌ನಲ್ಲೂ ಕೆಲವರ ಕಣ್ಣು ಮೇಜಿನ ಕೆಳಗಿರುತ್ತದೆ.

ಇದು ನಮ್ಮ ವಯಸ್ಸಿನವರ ಚಟುವಟಿಕೆ ಅನ್ನೋದಕ್ಕೆ ಅಂಕಿ-ಅಂಶವೂ ಇದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸುವ ವ್ಯಕ್ತಿಗಳಲ್ಲಿ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿತ್ತು. ಅದೇ ಅಧ್ಯಯನದ ಇನ್ನೊಂದು ಸಂಖ್ಯೆ: ಮೂರು ವರ್ಷಗಳಲ್ಲಿ ಶೇ 93ರಷ್ಟು ಮಂದಿ ದುಡ್ಡು ಕಳೆದುಕೊಂಡಿದ್ದರು. ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ.

ಹಾಗಂತ ಕಲಿಯಲೇಬಾರದು ಅಂತಲ್ಲ. ಏನನ್ನು ಕಲಿಯುತ್ತಿದ್ದೇವೆ ಅನ್ನೋದು ಮೊದಲು ಗೊತ್ತಿರಲಿ.

ಸೈಟಿನ ಅಡ್ವಾನ್ಸ್ ಥರ

50 ಲಕ್ಷದ ಒಂದು ಸೈಟು ನೋಡಿದ್ದೀರಿ. ಮಾಲೀಕರಿಗೆ 1 ಲಕ್ಷ ಕೊಟ್ಟು, 'ಮೂರು ತಿಂಗಳೊಳಗೆ ಇದೇ ಬೆಲೆಗೆ ನನಗೇ ಕೊಡಬೇಕು. ನಾನು ಬೇಡ ಅಂದರೆ ಈ ಒಂದು ಲಕ್ಷ ನಿಮಗೇ' ಅಂತ ಮಾತಾಡಿಕೊಂಡಿರಿ. ಆ ಕಡೆ ಮೆಟ್ರೊ ಬರುತ್ತೆ ಅಂತ ಸುದ್ದಿಯಾಗಿ ಬೆಲೆ 55 ಲಕ್ಷ ಆದರೆ ನಿಮಗೆ ಲಾಭ. ಬೆಲೆ 45ಕ್ಕೆ ಇಳಿದರೆ ಸೈಟು ಬೇಡ ಅಂತೀರಿ, ಹೋಗುವುದು ಅಡ್ವಾನ್ಸ್ ಮಾತ್ರ. ಕಾಲ್ ಆಪ್ಷನ್ ಅಂದರೆ ಹೆಚ್ಚುಕಡಿಮೆ ಇಷ್ಟೇ. ಆ ಒಂದು ಲಕ್ಷದ ಹೆಸರು ಪ್ರೀಮಿಯಂ. ವ್ಯತ್ಯಾಸ ಒಂದಿದೆ: ಸೈಟಿನ ಅಡ್ವಾನ್ಸನ್ನು ಕೊನೆಗೆ ಬೆಲೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ, ಪ್ರೀಮಿಯಂ ಹಾಗೆ ವಜಾ ಆಗುವುದಿಲ್ಲ.

ಪುಟ್ ಆಪ್ಷನ್ ಗಾಡಿಯ ಇನ್ಶೂರೆನ್ಸ್ ಇದ್ದಂತೆ. ಬೆಲೆ ಬಿದ್ದರೆ ಅದು ನಿಮ್ಮನ್ನು ಕಾಯುತ್ತದೆ. ಬೀಳದಿದ್ದರೆ ಕಟ್ಟಿದ ಪ್ರೀಮಿಯಂ ಹೋಯಿತು.

ಸರಿಯಾಗಿ ಊಹಿಸಿದರೂ ನಷ್ಟ

ಈಗ ನಿಜವಾದ ಲೆಕ್ಕ. ನಿಫ್ಟಿ 25,000ದಲ್ಲಿದೆ. ಮೇಲೆ ಹೋಗುತ್ತೆ ಅಂತ 25,000ದ ಕಾಲ್ ಅನ್ನು 120 ರೂಪಾಯಿಗೆ ಕೊಳ್ಳುತ್ತೀರಿ. ಲಾಟ್ ಗಾತ್ರ ಆಗಾಗ ಬದಲಾಗುತ್ತದೆ, ಲೆಕ್ಕಕ್ಕೆ 75 ಅಂತಿಟ್ಟುಕೊಳ್ಳೋಣ. ಅಲ್ಲಿಗೆ ಕೈಯಿಂದ ಹೋದದ್ದು 9,000 ರೂಪಾಯಿ.

ಅವಧಿ ಮುಗಿಯುವ ದಿನ ನಿಫ್ಟಿ 25,080ಕ್ಕೆ ಬಂತು. ನಿಮ್ಮ ಊಹೆ ಸರಿಯಾಗಿತ್ತು! ಆದರೆ ಆಪ್ಷನ್‌ನ ಬೆಲೆ ಈಗ 80 ರೂಪಾಯಿ ಮಾತ್ರ. ಕೊಟ್ಟದ್ದು 120. ಯೂನಿಟ್‌ಗೆ 40 ರೂಪಾಯಿಯಂತೆ 3,000 ನಷ್ಟ, ಮೇಲೆ ಬ್ರೋಕರೇಜ್, ತೆರಿಗೆ. ಲಾಭ ಶುರುವಾಗಬೇಕಾದರೆ ನಿಫ್ಟಿ 25,120 ದಾಟಬೇಕಿತ್ತು, ಅದೂ ಅವಧಿಯೊಳಗೆ.

ಷೇರು ಕೊಂಡವರು ಬೆಲೆ ಏರುವವರೆಗೆ ಕಾಯಬಹುದು. ಆಪ್ಷನ್ ಕೊಂಡವರಿಗೆ ಆ ಅನುಕೂಲ ಇಲ್ಲ. ಬಿಸಿಲಲ್ಲಿಟ್ಟ ಐಸ್‌ಕ್ಯಾಂಡಿಯಂತೆ ಪ್ರೀಮಿಯಂ ದಿನದಿನಕ್ಕೂ ಕರಗುತ್ತದೆ, ಕೊನೆಯ ದಿನಗಳಲ್ಲಿ ಇನ್ನೂ ಬೇಗ. ಇದಕ್ಕೆ ಥೀಟಾ ಅಂತ ಹೆಸರು. ಬಜೆಟ್, ಚುನಾವಣಾ ಫಲಿತಾಂಶದ ಮುನ್ನ ಆತಂಕದಿಂದ ಪ್ರೀಮಿಯಂ ಉಬ್ಬಿರುತ್ತದೆ, ಸುದ್ದಿ ಹೊರಬಿದ್ದ ಕೂಡಲೇ ಇಳಿಯುತ್ತದೆ. ದಿಕ್ಕು ಸರಿ ಇದ್ದರೂ ಬಹಳ ಮಂದಿ ಸೋಲುವುದು ಹೀಗೆ.

ಹಾಗಾದರೆ ಮಾರಿಬಿಡೋಣ್ವಾ?

ಕರಗುವ ಪ್ರೀಮಿಯಂ ಮಾರುವವರ ಜೇಬಿಗೆ ಹೋಗುತ್ತದಲ್ಲ, ಹಾಗಾದರೆ ಮಾರೋದೇ ಜಾಣತನ ಅಂತ ಎರಡನೇ ತಿಂಗಳಲ್ಲೇ ಅನಿಸತೊಡಗುತ್ತದೆ. ಮೇಲಿನ ಕಾಲ್ ಅನ್ನೇ ಮಾರಿದ್ದರೆ ಸಿಗುವ ಗರಿಷ್ಠ ಲಾಭ 9,000. ನಿಫ್ಟಿ 800 ಅಂಶ ಏರಿದರೆ ಆಗುವ ನಷ್ಟ 51,000. ಇನ್ನೂ ಏರಿದರೆ ಇನ್ನೂ ಹೆಚ್ಚು, ಅದಕ್ಕೆ ಮಿತಿಯೇ ಇಲ್ಲ.

ಪಕ್ಕದ ಟೀಮಿನ ಗೆಳೆಯರೊಬ್ಬರು ವಾರವಾರವೂ ಪುಟ್ ಮಾರುತ್ತಿದ್ದರು. ಎಂಟು ತಿಂಗಳು ಸಂಬಳದ ಜೊತೆ ಇನ್ನೊಂದು ಸಣ್ಣ ಸಂಬಳ ಬಂದ ಹಾಗಿತ್ತು. 2024ರ ಜೂನ್ 3ರಂದು ಮಾರುಕಟ್ಟೆ ಶೇ 3ಕ್ಕಿಂತ ಹೆಚ್ಚು ಏರಿತು. ಮರುದಿನ ಲೋಕಸಭೆ ಚುನಾವಣೆಯ ಮತ ಎಣಿಕೆ, ನಿಫ್ಟಿ 1,300 ಅಂಶಕ್ಕೂ ಹೆಚ್ಚು ಬಿತ್ತು. ಎಂಟು ತಿಂಗಳ ಗಳಿಕೆಯ ಜೊತೆ ಫ್ಲ್ಯಾಟಿನ ಡೌನ್ ಪೇಮೆಂಟ್‌ಗೆ ಕೂಡಿಟ್ಟಿದ್ದರಲ್ಲೂ ಬಹುಪಾಲು ಹೋಯಿತು. ಮನೆಯವರಿಗೆ ತಿಳಿದದ್ದು ಮುಂದಿನ ವರ್ಷ, ರಿಟರ್ನ್ಸ್ ಸಲ್ಲಿಸಲು ಆಡಿಟರ್ ಟ್ರೇಡಿಂಗ್ ಲೆಕ್ಕ ಕೇಳಿದಾಗ. ದುಡ್ಡಿಗಿಂತ ಆ ಮುಚ್ಚಿಟ್ಟದ್ದೇ ಮನೆಯಲ್ಲಿ ಹೆಚ್ಚು ಮಾತಾಯಿತು.

ಎದುರಿಗೆ ಯಾರಿದ್ದಾರೆ?

ನಮ್ಮಂಥ ಇಂಜಿನಿಯರುಗಳಿಗೆ ಇನ್ನೊಂದು ಭ್ರಮೆ: ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಹಳೆಯ ಡೇಟಾದ ಮೇಲೆ ಓಡಿಸಿದರೆ ಗೆಲ್ಲುವ ಸೂತ್ರ ಸಿಗುತ್ತೆ ಅಂತ. ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದವರು ಹೊಸ ಪರೀಕ್ಷೆಯಲ್ಲಿ ತಡವರಿಸುವ ಹಾಗೆ, ಆ ಸೂತ್ರವೂ ಮುಂದಿನ ತಿಂಗಳು ತಡವರಿಸುತ್ತದೆ. 2023-24ರಲ್ಲಿ ದೊಡ್ಡ ಟ್ರೇಡಿಂಗ್ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ರೂಪಾಯಿ ಲಾಭ ಮಾಡಿದರು ಅನ್ನುತ್ತದೆ ಸೆಬಿ. ಅದರಲ್ಲಿ ಶೇ 95ಕ್ಕಿಂತ ಹೆಚ್ಚು ಬಂದದ್ದು ಅಲ್ಗಾರಿದಮ್‌ಗಳಿಂದ. ನಮ್ಮ ಲ್ಯಾಪ್‌ಟಾಪಿನ ಕೋಡು ಪೈಪೋಟಿ ಮಾಡಬೇಕಾಗಿರುವುದು ಅವುಗಳ ಜೊತೆ.

ಆದರೂ ಕಲಿಯಬೇಕು ಅಂದರೆ

* ಮೊದಲ ಆರು ತಿಂಗಳು ಕಾಗದದ ಮೇಲೆ ಟ್ರೇಡ್ ಮಾಡಿ. ಯಾಕೆ ಕೊಂಡೆ, ಯಾವಾಗ ಹೊರಬಂದೆ, ಖರ್ಚು ಎಷ್ಟು ಅಂತ ಬರೆದಿಡಿ. ಖರ್ಚು ಬಿಡಬೇಡಿ: 2023-24ರಲ್ಲಿ ಒಬ್ಬರ ಸರಾಸರಿ ವಹಿವಾಟು ವೆಚ್ಚವೇ 26,000 ರೂಪಾಯಿ ಆಗಿತ್ತು.
* ಆಮೇಲೂ ಪೂರ್ತಿ ಹೋದರೂ ತಿಂಗಳ ಖರ್ಚಿಗೆ ತೊಂದರೆಯಾಗದಷ್ಟು ದುಡ್ಡು ಮಾತ್ರ ಹಾಕಿ. ಸಾಲ, ತುರ್ತು ನಿಧಿ ಮುಟ್ಟಬೇಡಿ.
* ಮಾರಲೇಬೇಕಿದ್ದರೆ ಜೊತೆಗೆ ಇನ್ನೊಂದು ಆಪ್ಷನ್ ಕೊಂಡು ನಷ್ಟಕ್ಕೆ ಮಿತಿ ಹಾಕಿ. ಇದನ್ನು ಸ್ಪ್ರೆಡ್ ಅಂತಾರೆ.
* ಕಂಪನಿ ಷೇರುಗಳ ಆಪ್ಷನ್ ಆದರೆ ಕೊನೆಯ ದಿನದವರೆಗೆ ಇಟ್ಟುಕೊಳ್ಳಬೇಡಿ. ಲಾಭದಲ್ಲಿದ್ದ ಕಾಲ್‌ಗೆ ಷೇರನ್ನೇ ಪೂರ್ತಿ ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ. ಆ ಮೊತ್ತ ಲಕ್ಷಗಳಲ್ಲಿರುತ್ತದೆ.
* ಟೆಲಿಗ್ರಾಂ ಟಿಪ್ಸ್ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಪರೀಕ್ಷಿಸಿ. ಬಹಳಷ್ಟು ಮಂದಿ ಅಲ್ಲಿಗೇ ಮಾಯವಾಗುತ್ತಾರೆ.
* ಆಪ್ಷನ್ ಲಾಭ-ನಷ್ಟವನ್ನು ವ್ಯಾಪಾರದ ಆದಾಯ ಅಂತ ಲೆಕ್ಕ ಹಿಡಿಯುತ್ತಾರೆ. ಸಂಬಳದವರೂ ಐಟಿಆರ್-3 ತುಂಬಬೇಕು. ನಷ್ಟವನ್ನು ಸಂಬಳದಿಂದ ಕಳೆಯಲಾಗದು. ಆದರೆ ಸಮಯಕ್ಕೆ ಸರಿಯಾಗಿ ಸಲ್ಲಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು.

ಕೊನೆಯದಾಗಿ, ಆಪ್ ತೆರೆಯುವ ಮುಂಚೆ 'ಇಷ್ಟು ಹಾಕ್ತೀನಿ, ಇಷ್ಟು ಹೋದರೆ ನಿಲ್ಲಿಸ್ತೀನಿ' ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಎರಡು ವರ್ಷ ಸತತ ನಷ್ಟವಾದರೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಟ್ರೇಡಿಂಗ್ ಮುಂದುವರಿಸಿದ್ದರು ಅಂತ ಅದೇ ಅಧ್ಯಯನ ಹೇಳುತ್ತದೆ. ಸಾಕು ಅಂತ ನಮಗೆ ನಾವೇ ಹೇಳಿಕೊಳ್ಳೋದು ಕಷ್ಟ. ಇನ್ನೊಬ್ಬರಿಗೆ ಲೆಕ್ಕ ಗೊತ್ತಿದ್ದರೆ ಅವರಾದರೂ ಹೇಳುತ್ತಾರೆ.