ಉಳುವವನ ಹೆಸರಿಲ್ಲದ ಹಸಿರು ಸೀಮೆ

ಮಹಾಬಲೇಶ್ವರದಲ್ಲಿ ಹುಟ್ಟಿ, ನಮ್ಮ ಉತ್ತರ ಕರ್ನಾಟಕವನ್ನು ಹಾದುಹೋಗುವ ಕೃಷ್ಣೆ ಕೊನೆಗೆ ಕಡಲು ಸೇರುವುದು ಆಂಧ್ರದ ದಿವಿಸೀಮೆಯಲ್ಲಿ. ಬ್ಯಾಂಕಿನ ಸಹೋದ್ಯೋಗಿಯೊಬ್ಬರ ಮನೆಯ ಮದುವೆಯ ನೆಪದಲ್ಲಿ ಅವನಿಗಡ್ಡ ಸಮೀಪದ ಅವರ ಹಳ್ಳಿಯನ್ನು ನೋಡುವ ಅವಕಾಶ ಕಳೆದ ಡಿಸೆಂಬರಿನಲ್ಲಿ ನನಗೆ ಒದಗಿ ಬಂತು.

ವಿಜಯವಾಡದಲ್ಲಿ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ, ಬಾಳೆ, ತೆಂಗು. ಸರ್ ಆರ್ಥರ್ ಕಾಟನ್ ಅವರ ಯೋಜನೆಯಂತೆ 1855ರಲ್ಲಿ ಇಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲಾಯಿತು. 1957ರಲ್ಲಿ ಪ್ರಕಾಶಂ ಬ್ಯಾರೇಜ್ ಬಂತು. ಆ ನೀರೇ ಈ ಸೀಮೆಯ ಜೀವಾಳ. ಈ ಹಸಿರನ್ನು ಕಂಡವರಿಗೆ ಇಲ್ಲಿಯೂ ಕಷ್ಟವಿದೆ ಎಂದರೆ ನಂಬಿಕೆ ಬಾರದು.

ಮದುವೆಯ ಮರುದಿನ ಬೆಳಿಗ್ಗೆ ಗದ್ದೆ ಬದುವಿನಲ್ಲಿ ರೈತರೊಬ್ಬರು ಸಿಕ್ಕಿದರು. ಭತ್ತ ಇನ್ನೂ ಕೊಯ್ದಿಲ್ಲ, ಆಗಲೇ ಅದರ ನಡುವೆ ಉದ್ದಿನ ಬೀಜ ಎರಚುತ್ತಿದ್ದರು! ಕೊಯ್ಲಿಗೆ ಎರಡು ಮೂರು ದಿನ ಮುಂಚೆ ಬೀಜ ಬಿದ್ದರೆ ಮಣ್ಣಿನ ತೇವದಲ್ಲೇ ಮೊಳೆತು ಬೆಳೆಯುತ್ತದಂತೆ. ಮುಂಬಯಿಯ ನಮ್ಮ ಹೋಟೆಲುಗಳ ದೋಸೆ ಹಿಟ್ಟಿಗೂ ಆಂಧ್ರದ ಉದ್ದು ಬರುತ್ತದೆ ಎಂದು ಹೇಳಿದೆ. ಅವರು ನಕ್ಕು, "ಭತ್ತ ಮಾಲೀಕರಿಗೆ, ಉದ್ದು ನಮಗೆ" ಎಂದರು. ಸಹೋದ್ಯೋಗಿ ಅದನ್ನು ಬಿಡಿಸಿ ಹೇಳಿದರು.

ಅವರು ಕೌಲು ರೈತ, ಅಂದರೆ ನಮ್ಮ ಕಡೆಯ ಗೇಣಿ ಒಕ್ಕಲು. ಎಕರೆಗೆ ಇಂತಿಷ್ಟು ಚೀಲ, ಚೀಲಕ್ಕೆ 75 ಕಿಲೋ ಎಂಬ ಲೆಕ್ಕದಲ್ಲಿ ಭತ್ತದ ಬಹುಪಾಲು ಹೈದರಾಬಾದಿನಲ್ಲಿರುವ ಮಾಲೀಕರಿಗೆ ಸಲ್ಲುತ್ತದೆ. ಒಪ್ಪಂದವೆಲ್ಲ ಬಾಯಿಮಾತು. 2023ರ ಡಿಸೆಂಬರ್ 5ರಂದು ಬಾಪಟ್ಲ ಬಳಿ ದಡ ಮುಟ್ಟಿದ ಮಿಚಾಂಗ್ ಚಂಡಮಾರುತಕ್ಕೆ ಅವರ ಕೊಯ್ದ ಭತ್ತ ನೆನೆದು ಮೊಳಕೆಯೊಡೆಯಿತು. ಪರಿಹಾರದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಗೇಣಿ ಮಾತ್ರ ತಪ್ಪಲಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಸವೆಸಿದ ನನಗೆ ಇದರ ಮರ್ಮ ಗೊತ್ತು. ಬ್ಯಾಂಕು ನೋಡುವುದು ಕೈಯ ಕೆಸರನ್ನಲ್ಲ, ಕಾಗದವನ್ನು. ಕೌಲು ರೈತರಿಗೆ ಸಾಲಕ್ಕೆ ಅರ್ಹತಾ ಪತ್ರ ಕೊಡಲು ಆಂಧ್ರದಲ್ಲಿ 2011ರಲ್ಲಿ ಕಾಯ್ದೆ ಬಂತು. 2019ರಲ್ಲಿ ಅದರ ಬದಲಿಗೆ ಬಂದ ಕಾಯ್ದೆಯು 11 ತಿಂಗಳ ಒಪ್ಪಂದಕ್ಕೆ ಮಾಲೀಕರ ಸಹಿ ಕೇಳಿತು. ಎಲ್ಲಿ ಜಮೀನು ಕೈತಪ್ಪುವುದೋ ಎಂಬ ಭಯದಿಂದ ಸಹಿ ಹಾಕಲು ಅನೇಕ ಮಾಲೀಕರು ಹಿಂಜರಿದರು.

ಅಂದು ನನಗೆ ತಂದೆಯ ನೆನಪಾಯಿತು. ದಕ್ಷಿಣ ಕನ್ನಡದ ನಮ್ಮೂರಿನಲ್ಲಿ ಅವರು ಚಾಲಗೇಣಿ ಒಕ್ಕಲು. 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು, ಕೊನೆಗೆ ಪಹಣಿಯಲ್ಲಿ ತಮ್ಮ ಹೆಸರು ಬಂದ ದಿನ ಆ ಕಾಗದವನ್ನು ದೇವರ ಮುಂದಿಟ್ಟು ದೀಪ ಹಚ್ಚಿದ್ದರು. ಆ ಗದ್ದೆಯ ಅಕ್ಕಿಯಿಂದಲೇ ನಾನು ಶಾಲೆ ಕಲಿತೆ, ಮುಂಬಯಿಗೆ ಬಂದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದೆ.

ಇಂದು ಆ ಗದ್ದೆಯನ್ನು ನೆರೆಯವರೊಬ್ಬರು ಬಾಯಿಮಾತಿನ ಮೇಲೆ ಮಾಡುತ್ತಿದ್ದಾರೆ. ಪಹಣಿಯಲ್ಲಿ ನನ್ನ ಹೆಸರಿದೆ. ಹೈದರಾಬಾದಿನ ಆ ಮಾಲೀಕರಿಗೂ ನನಗೂ ಏನು ವ್ಯತ್ಯಾಸ? ನಮ್ಮ ಸಂಘದ ಬಂಧುಗಳಲ್ಲಿ ಹಲವರ ಸ್ಥಿತಿಯೂ ಇದೇ ಇರಬಹುದು. ಬೆಳೆನಷ್ಟದ ಹಣ ನಮ್ಮ ಖಾತೆಗೆ ಜಮೆಯಾದರೆ ಅದನ್ನು ದುಡಿದವರ ಕೈಗೆ ಮುಟ್ಟಿಸೋಣ. ಊರಿನಿಂದ ಮರಳಿದ ವಾರವೇ ನಾನು ನೆರೆಯವರಿಗೆ ಫೋನು ಮಾಡಿ, ಹಿಂದೊಮ್ಮೆ ಬಂದಿದ್ದ ಹಣದ ಲೆಕ್ಕ ಒಪ್ಪಿಸಿದೆ.