ಸುಳ್ಳು ಸಾಕ್ಷಿ

ಚಳ್ಳಕೆರೆ ಸೀಮೆಯ ನನ್ನಿವಾಳದಲ್ಲಿ ನಾನು ಉಪಾಧ್ಯಾಯನಾಗಿದ್ದುದು 1984ರ ಸುಮಾರಿಗೆ. ಮ್ಯಾಸನಾಯಕರ ಊರು ಅದು. ದೇವರ ಹೆಸರಿಗೆ ಬಿಟ್ಟ ಎತ್ತುಗಳನ್ನು ನೊಗಕ್ಕೆ ಹೂಡದೆ, ಕಿಲಾರಿಗಳ ಕೈಯಲ್ಲಿ ಮೇಯಿಸಿ ಸಾಕುವ ಪದ್ಧತಿ ಆ ಜನರದು. ಮಳೆ ಕೈಕೊಟ್ಟ ವರ್ಷವೂ ಬಡವರು ಆ ಎತ್ತುಗಳಿಗೆ ಮೇವು ಹೊಂದಿಸಿದ್ದನ್ನು ಕಂಡಿದ್ದೇನೆ. ಆಗ ಅದು ನನಗೆ ಬರಿಯ ಅಜ್ಞಾನವಾಗಿ ತೋರಿತ್ತು. ಬಲು ಬಿಗಿಯಾದ ಒಂದು ಕ್ರೈಸ್ತ ಪ್ರಾರ್ಥನಾ ಬಳಗಕ್ಕೆ ನಾನು ಸೇರಿದ್ದೆ. ಜಗತ್ತು ನಮಗೆ ಎರಡೇ ಪಾಲು: ರಕ್ಷಣೆ ಹೊಂದಿದವರು, ಹೊಂದದವರು. ಹಗಲು ತರಗತಿಯಲ್ಲಿ ಕುಮಾರವ್ಯಾಸನನ್ನು ಪಾಠ ಹೇಳಿ, ಸಂಜೆ ಅದಕ್ಕಾಗಿ ಕ್ಷಮೆ ಬೇಡಿಕೊಳ್ಳುತ್ತಿದ್ದ ಮನುಷ್ಯ ನಾನು.

ಒಂದು ಹಬ್ಬದ ದಿನ ನೆರೆಮನೆಯ ಅಜ್ಜಿ ದೇವರಿಗೆ ಎಡೆಯಿಟ್ಟ ಹೋಳಿಗೆಯನ್ನು ತಂದುಕೊಟ್ಟಳು. ಹೊಟ್ಟೆನೋವೆಂದು ಹೇಳಿ ಹಿಂದಿರುಗಿಸಿದೆ. ಮುಂದಿನ ಭಾನುವಾರ ಬಳಗದಲ್ಲಿ ಎದ್ದು ನಿಂತು 'ಸಾಕ್ಷಿ' ಹೇಳಿದೆ. ತನ್ನ ಅನುಭವವನ್ನು ಸಭೆಯ ಮುಂದೆ ನಿವೇದಿಸುವುದಕ್ಕೆ ನಮ್ಮಲ್ಲಿ ಆ ಹೆಸರು. ವಿಗ್ರಹದ ನೈವೇದ್ಯವನ್ನು ಧೈರ್ಯವಾಗಿ ನಿರಾಕರಿಸಿದೆನೆಂದೂ ಆ ಮುದುಕಿ ಸೈತಾನನ ಸೆರೆಯಲ್ಲಿರುವಳೆಂದೂ ವರ್ಣಿಸಿದೆ. ಎಲ್ಲರೂ ಸ್ತೋತ್ರವೆಂದರು. ಕೇರಿಯಿಂದ ಬಂದ ಕುಟುಂಬಗಳು ಎಂದಿನಂತೆ ಹಿಂದೆ, ಬಾಗಿಲ ಬಳಿ ಕುಳಿತಿದ್ದವು. ಅದು ಪಾಪವೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೋಳಿಗೆ ಮಾತ್ರ ಪಾಪವಾಗಿತ್ತು.

ನನ್ನನ್ನು ಅಲುಗಿಸಿದ್ದು ನಾಸ್ತಿಕರ ವಾದವಲ್ಲ, ನಮ್ಮ ನಾಡಿನವರೇ ಆದ ಒಬ್ಬ ಕ್ರೈಸ್ತ ವಿದ್ವಾಂಸರ ಬರವಣಿಗೆ. ಸ್ಟ್ಯಾನ್ಲಿ ಸಮರ್ಥ 1920ರಲ್ಲಿ ಕಾರ್ಕಳದಲ್ಲಿ ಜನಿಸಿದವರು. ನಮಗೆ ಕಿಟ್ಟೆಲರನ್ನು ಕೊಟ್ಟ ಬಾಸೆಲ್ ಮಿಷನ್ನಿನ ಕಟ್ಟುನಿಟ್ಟಾದ ಭಕ್ತಿಯಲ್ಲಿ ಬೆಳೆದವರು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪಿ. ಡಿ. ದೇವನಂದನ್ ಅವರ ಶಿಷ್ಯರು. ಅನ್ಯಧರ್ಮೀಯರೊಡನೆ ಸಂವಾದ ನಡೆಸಲೆಂದು ಜಿನೀವಾದ ವಿಶ್ವ ಚರ್ಚುಗಳ ಮಂಡಳಿ 1971ರಲ್ಲಿ ತೆರೆದ ವಿಭಾಗಕ್ಕೆ ಅವರೇ ಮೊದಲ ನಿರ್ದೇಶಕರು. ಹಾದಿ ಸುಗಮವಾಗಿರಲಿಲ್ಲ. 1975ರ ನೈರೋಬಿ ಮಹಾಸಭೆಯಲ್ಲಿ ಪಾಶ್ಚಾತ್ಯ ಪ್ರತಿನಿಧಿಗಳು ಕೆಲವರು ಇದು ಮತಗಳ ಕಲಬೆರಕೆಯೆಂದು ಹೌಹಾರಿದರು. ಮತ್ತೆ ಚರ್ಚೆ ನಡೆದು, 1979ರಲ್ಲಿ ಮಂಡಳಿ ಸಂವಾದದ ಮಾರ್ಗಸೂತ್ರಗಳನ್ನು ಹೊರತಂದಿತು.

ಸಂವಾದವೇಕೆ ಎಂಬುದಕ್ಕೆ ಆ ಸೂತ್ರಗಳು ಕೊಡುವ ಒಂದು ಕಾರಣ ಮೋಶೆಯ ಹತ್ತು ಆಜ್ಞೆಗಳಿಂದ ಬಂದದ್ದು: ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು. ಅವನ ನಂಬಿಕೆಯನ್ನು ಅವನ ಬಾಯಿಂದಲೇ ಕೇಳದೆ ಬಣ್ಣಿಸುವುದು ಅವನ ಮುಖಕ್ಕೆ ಮಸಿ ಬಳಿದಂತೆ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜಿಯ ದೇವರು ಯಾರು, ಏಕೆ ಆ ವ್ರತ, ಎಂದು ನಾನು ಅವಳನ್ನು ಒಮ್ಮೆಯಾದರೂ ಕೇಳಿದ್ದೆನೇ?

ಸಮರ್ಥರು ಕ್ರಿಸ್ತನನ್ನು ಬಿಟ್ಟವರಲ್ಲ. ನಮ್ಮ ನಿಷ್ಠೆ ಕ್ರಿಸ್ತನಿಗೆ, ಆದರೆ ದೇವರ ರಹಸ್ಯವೆಲ್ಲ ನಮ್ಮ ಜೇಬಿನಲ್ಲಿಲ್ಲ ಎಂಬುದು, ನಾನು ತಿಳಿದಂತೆ, ಅವರ ನಿಲುವು. ಬಿಗಿ ಬಳಗದವರಿಗೆ ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಆಗದ ಮಾತು. ನನಗೂ ವರ್ಷಗಳು ಹಿಡಿದವು.

ಆದರೆ ಬಾಗಿಲ ಬಳಿ ಕುಳಿತವರ ಪ್ರಶ್ನೆ ಬೇರೆಯೇ ಇತ್ತು. ಅದನ್ನೆತ್ತಿದವರು ಅರವಿಂದ ನಿರ್ಮಲ್. 1981ರಲ್ಲಿ, ಬೆಂಗಳೂರಿನ ಅದೇ ಕಾಲೇಜಿನಲ್ಲಿ, ಶೂದ್ರ ದೇವಶಾಸ್ತ್ರದ ಕಡೆಗೆ ಎಂಬರ್ಥದ ಒಂದು ಉಪನ್ಯಾಸ ಕೊಟ್ಟರು. ಭಾರತದ ಕ್ರೈಸ್ತ ಚಿಂತಕರು ಮೇಲುಜಾತಿಯ ವೇದಾಂತದೊಡನೆ ಮಾತಾಡುತ್ತಲೇ ಬಂದರು. ಚರ್ಚಿನೊಳಗೆ ಬಹುಸಂಖ್ಯಾತರಾದ ದಲಿತರ ನೋವು ಅವರ ಶಾಸ್ತ್ರಕ್ಕೆ ವಸ್ತುವಾಗಲಿಲ್ಲ. ಇದು ನಿರ್ಮಲರ ಆಕ್ಷೇಪ. ದಲಿತ ದೇವಶಾಸ್ತ್ರವೆಂಬ ಧಾರೆ ಹೊರಟದ್ದು ಅಲ್ಲಿಂದ. ಸಂವಾದವನ್ನು ಮೆಚ್ಚುವ ನಮ್ಮಂಥ ಓದುಬಲ್ಲವರು ಈ ಆಕ್ಷೇಪವನ್ನು ಜಾಣತನದಿಂದ ಮರೆಯುವುದುಂಟು.

ಬಳಗವನ್ನು ಬಿಟ್ಟೆ. ಬಿಟ್ಟಮೇಲೆ ಅದೆಂಥ ಒಂಟಿತನವೆಂದು ಹೇಳಲಾರೆ. ಮದುವೆ, ಸಾವು, ಕಾಯಿಲೆ ಎಲ್ಲಕ್ಕೂ ಅವರೇ ಆಗಿದ್ದರು. ಮುಂದೆ ಐದಾರು ಮನೆಯವರು ಕೂಡಿ ಪ್ರಾರ್ಥಿಸಲು ಮೊದಲುಮಾಡಿದೆವು. ವೃತ್ತಾಕಾರವಾಗಿ ಕೂರುವುದು, ಸರದಿಯಂತೆ ಎಲ್ಲರ ಮನೆಯಲ್ಲೂ ಉಣ್ಣುವುದು, ಇಷ್ಟೇ ಕಟ್ಟಳೆ. ಕೇರಿಯ ಮನೆಯ ಸರದಿ ಬಂದಾಗ ಇಬ್ಬರಿಗೆ ಏನೋ ಕೆಲಸ ಬಂದಿತು. ಅವರ ಮೇಲೆ ಸಿಟ್ಟಾಗುವ ಯೋಗ್ಯತೆ ನನಗಿರಲಿಲ್ಲ.

1992ರಲ್ಲಿ ನನ್ನಿವಾಳಕ್ಕೆ ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಜ್ಜಿ ಜಗುಲಿಯಲ್ಲಿದ್ದಳು, ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದಳು.

"ಹೊಟ್ಟೆನೋವು ವಾಸಿ ಆತೇನು ಮೇಷ್ಟ್ರೇ?" ಎಂದಳು.