ಮನೆಯ ಬೆಕ್ಕಿಗೆ ಕಾಯಿಲೆ: ನಂಬತಕ್ಕ ರೋಗನಿರ್ಣಯ ದೊರಕುವುದು ಹೇಗೆ?

ಕರೆಯುವ ದನ ಮೇವು ಬಿಟ್ಟರೆ ನಮ್ಮ ಮನೆಗಳಲ್ಲಿ ಸಂಜೆಯೊಳಗೆ ಡಾಕ್ಟರರಿಗೆ ಕರೆ ಹೋಗುತ್ತದೆ. ಬೆಕ್ಕು ಅನ್ನ ಬಿಟ್ಟರೆ "ಏನೋ ತಿಂದಿರಬೇಕು, ನಾಳೆ ಸರಿಹೋದೀತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ದನವೆಂದರೆ ದಿನದ ಹಾಲು, ಸೊಸೈಟಿಯ ಲೆಕ್ಕ. ಬೆಕ್ಕಿನಿಂದ ಅಂತಹ ಆದಾಯವಿಲ್ಲ. ಹಿಂದೆ ಅಟ್ಟದಲ್ಲಿಯೂ ಕೊಟ್ಟಿಗೆಯಲ್ಲಿಯೂ ಅರೆಕಾಡು ಪ್ರಾಣಿಯಂತೆ ಬದುಕುತ್ತಿದ್ದ ಬೆಕ್ಕಿನ ಮಟ್ಟಿಗೆ ಈ ಮಾತು ನಡೆಯುತ್ತಿತ್ತು. ಈಗ ಹಾಗಲ್ಲ. ವಯನಾಡಿನ ಎಷ್ಟೋ ಮನೆಗಳಲ್ಲಿ ಬೆಕ್ಕು ಹೊಸ್ತಿಲು ದಾಟದೆ ಒಳಗೇ ಬೆಳೆಯುತ್ತಿದೆ. ಮಕ್ಕಳು ಉದ್ಯೋಗಕ್ಕೆಂದು ಬೆಂಗಳೂರು ಯಾ ಕೊಲ್ಲಿ ರಾಷ್ಟ್ರಗಳನ್ನು ಸೇರಿದ ಮೇಲೆ ಮುಪ್ಪಿನ ತಂದೆತಾಯಿಗಳಿಗೆ ಮಾತನಾಡಿಸಲು ಉಳಿದಿರುವುದು ಅದೊಂದೇ ಎನ್ನುವ ಮನೆಗಳೂ ಇವೆ. ಅಂತಹ ಜೀವಕ್ಕೆ ಕಾಯಿಲೆಯಾದರೆ ಏನು ರೋಗವೆಂದು ಸರಿಯಾಗಿ ಹೇಳುವವರು ಎಲ್ಲಿ ಸಿಗುತ್ತಾರೆ, ಅವರ ಬಳಿಗೆ ಹೋಗುವಾಗ ನಾವು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಒಳಗಿದ್ದರೂ ರೋಗ ತಪ್ಪದು

ಬೆಕ್ಕು ತನ್ನ ನೋವನ್ನು ಅಡಗಿಸುವ ಪ್ರಾಣಿ. ನಾಯಿಯಂತೆ ಕುಂಯ್‌ಗುಟ್ಟಿ ಬಳಿಗೆ ಬರುವುದಿಲ್ಲ; ಮಂಚದಡಿಯನ್ನೋ ಕಪಾಟಿನ ಹಿಂಬದಿಯನ್ನೋ ಸೇರುತ್ತದೆ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ರೋಗ ಅರ್ಧ ದಾರಿ ನಡೆದಿರುತ್ತದೆ.

"ಹೊರಗೆ ಹೋಗದ ಬೆಕ್ಕಿಗೆ ರೋಗ ಎಲ್ಲಿಂದ?" ಎಂದು ಕೇಳುವವರಿದ್ದಾರೆ. ಮರಿಗಳನ್ನು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿಯ ವೈರಸ್ಸು ನಮ್ಮ ಚಪ್ಪಲಿಗೆ ಅಂಟಿಕೊಂಡೇ ಮನೆಯೊಳಗೆ ಬರುತ್ತದೆ ಮತ್ತು ನೆಲದಲ್ಲಿ ತಿಂಗಳುಗಟ್ಟಳೆ ಜೀವ ಹಿಡಿದಿರುತ್ತದೆ. ಇಲಿ ಪಾಷಾಣ, ತೋಟಕ್ಕೆ ಸಿಂಪಡಿಸಿ ಬಂದ ಬಟ್ಟೆಗೆ ತಗಲಿದ ಕೀಟನಾಶಕ, ಹೂದಾನಿಯಲ್ಲಿಟ್ಟ ಲಿಲ್ಲಿ ಹೂವು ಇವೆಲ್ಲವೂ ಮನೆಯೊಳಗಿನ ಅಪಾಯಗಳೇ. ಲಿಲ್ಲಿಯ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡಗಳು ಕೆಡಬಹುದು.

ಇವೆಲ್ಲಕ್ಕಿಂತ ಹೆಚ್ಚು ನೋವಿನ ಸಂಗತಿಯೆಂದರೆ ನಾವು ಪ್ರೀತಿಯಿಂದ ಕೊಡುವ ಮದ್ದು. ಮೈ ಬಿಸಿಯಾಗಿದೆಯೆಂದು ಮಕ್ಕಳ ಜ್ವರದ ಗುಳಿಗೆಯನ್ನು ಬೆಕ್ಕಿಗೆ ತಿನ್ನಿಸುವ ಮನೆಗಳಿವೆ. ಪ್ಯಾರಾಸಿಟಮೋಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆಂಬಷ್ಟು ಕಡಿಮೆ. 500 ಮಿಲಿಗ್ರಾಮಿನ ಒಂದೇ ಗುಳಿಗೆ ಅದರ ಪ್ರಾಣ ತೆಗೆಯಲು ಸಾಕು. ನಾಯಿಯ ಮೈಗೆ ಹಚ್ಚುವ ಪರ್ಮೆಥ್ರಿನ್ ಎಂಬ ಉಣ್ಣೆಯ ಔಷಧವೂ ಬೆಕ್ಕಿಗೆ ವಿಷ. ಬೆಕ್ಕು ಸಣ್ಣ ನಾಯಿಯಲ್ಲ, ಸಣ್ಣ ಮಗುವೂ ಅಲ್ಲ.

ಮಲಬದ್ಧತೆಯೋ, ಮೂತ್ರಬಂಧವೋ?

ನಿರ್ಣಯ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಒಂದು ಮನೆಯ ಗಂಡು ಬೆಕ್ಕು ಬೆಳಗ್ಗಿನಿಂದ ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಕುಳಿತು ಮುಕ್ಕುತ್ತಿದೆ, ಏನೂ ಹೊರಬೀಳುತ್ತಿಲ್ಲ ಎಂದಿಟ್ಟುಕೊಳ್ಳೋಣ. ಮಲ ಕಟ್ಟಿದೆಯೆಂದು ಮನೆಯವರು ಹರಳೆಣ್ಣೆ ಕುಡಿಸುತ್ತಾರೆ. ವಾಸ್ತವವಾಗಿ ಕಟ್ಟಿರುವುದು ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ, ಲೋಳೆ ಸೇರಿ ಅದು ಮುಚ್ಚಿಹೋಗುತ್ತದೆ. ಮೂತ್ರ ಹೊರಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಒಂದೆರಡು ದಿನಗಳಲ್ಲಿ ಸಾವು ಬರಬಹುದು. ಆದರೆ ಅನುಭವವುಳ್ಳ ವೈದ್ಯರು ಹೊಟ್ಟೆಯನ್ನು ಕೈಯಿಂದ ಒತ್ತಿ ನೋಡಿದೊಡನೆ ಕಲ್ಲಿನಂತೆ ಬಿಗಿದ ಮೂತ್ರಾಶಯ ಸಿಗುತ್ತದೆ. ನಳಿಗೆ ಹಾಕಿ ಮೂತ್ರ ತೆಗೆದರೆ ಪ್ರಾಣ ಉಳಿಯುತ್ತದೆ. ಯಾವ ದೊಡ್ಡ ಯಂತ್ರವೂ ಇಲ್ಲದೆ, ಹೊತ್ತಿಗೆ ಸರಿಯಾಗಿ ದೊರೆಯುವ ನಿರ್ಣಯವಿದು.

ಬಾಯಿ ತೆರೆದು ಉಸಿರಾಡುವುದು, ಒಸಡು ಬಿಳಿಚುವುದು ಯಾ ನೀಲಿಗಟ್ಟುವುದು, ಹಿಂಗಾಲು ಥಟ್ಟನೆ ಬೀಳುವುದು, ಸೆಳವು ಇವುಗಳಿಗೂ ನಾಳೆಯೆಂಬುದಿಲ್ಲ. ಮೈತುಂಬಿದ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಅದೇ ಇನ್ನೊಂದು ರೋಗವಾಗುತ್ತದೆ.

ಊಹೆ ಬೇರೆ, ನಿರ್ಣಯ ಬೇರೆ

"ಊಟ ಬಿಟ್ಟಿದೆ, ವಾಂತಿ ಮಾಡುತ್ತದೆ" ಎಂಬುದು ಹತ್ತಾರು ರೋಗಗಳ ಲಕ್ಷಣ. ಇಷ್ಟು ಕೇಳಿ ಒಂದು ಇಂಜೆಕ್ಷನು ಕೊಟ್ಟು ಕಳುಹಿಸಿದರೆ ಅದು ಊಹೆಯ ಚಿಕಿತ್ಸೆಯೇ ಹೊರತು ನಿರ್ಣಯವಲ್ಲ. ಊಹೆಯೂ ಕೆಲವೊಮ್ಮೆ ಬೇಕಾಗುತ್ತದೆ. ಆದರೆ ಅದು ಊಹೆಯೆಂದು ನಮಗೆ ತಿಳಿದಿರಬೇಕು. ಸ್ಟಿರಾಯ್ಡ್ ಮದ್ದು ಒಮ್ಮೆ ಹೊಟ್ಟೆಗೋ ಮೈಗೋ ಸೇರಿದರೆ ಬೆಕ್ಕು ಎರಡು ದಿನ ಗೆಲುವಾಗಿ ಕಾಣಬಹುದು, ಆಮೇಲೆ ತೆಗೆದ ರಕ್ತದ ಲೆಕ್ಕವೇ ವ್ಯತ್ಯಾಸವಾಗಬಹುದು. ಆದಕಾರಣ ರಕ್ತವನ್ನು ಮೊದಲು ತೆಗೆದು, ಮದ್ದನ್ನು ಬಳಿಕ ಕೊಡುವುದು ಸಾಧ್ಯವೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಪರೀಕ್ಷೆಯ ಕಾಗದ ಕೈಗೆ ಬಂತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಬುಟ್ಟಿಯಲ್ಲಿ ಕುಳಿತು ಬಸ್ಸಿನ ಸದ್ದಿಗೆ ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆಯ ಅಂಶ ಸಿಹಿಮೂತ್ರ ರೋಗಿಯಷ್ಟೇ ಏರಬಹುದು. ಅಷ್ಟರಿಂದಲೇ ಮಧುಮೇಹವೆಂದು ಹೇಳಲಾಗದು. ಮೂತ್ರವನ್ನೂ, ಕೆಲವು ವಾರಗಳ ಸಕ್ಕರೆಯ ಮಟ್ಟವನ್ನು ತಿಳಿಸುವ ಫ್ರುಕ್ಟೋಸಮೀನನ್ನೂ ನೋಡಬೇಕು. ಮೂತ್ರಪಿಂಡದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ನಷ್ಟವಾಗುವ ತನಕ ರಕ್ತದ ಕ್ರಿಯಾಟಿನಿನ್ ಮಿತಿಯೊಳಗೇ ಇರಬಹುದು. ಆದುದರಿಂದ ಮೂತ್ರದ ಸಾಂದ್ರತೆಯನ್ನು ಜತೆಗಿಟ್ಟು ಓದಬೇಕು. ಹೊಟ್ಟೆಯಲ್ಲಿ ನೀರು ತುಂಬುವ ಎಫ್.ಐ.ಪಿ. ಎಂಬ ರೋಗದಲ್ಲಿ ಕೊರೋನಾ ಪ್ರತಿಕಾಯದ ಪರೀಕ್ಷೆ 'ಇದೆ' ಎಂದ ಮಾತ್ರಕ್ಕೆ ರೋಗವಿದೆ ಎಂದರ್ಥವಲ್ಲ, ಆರೋಗ್ಯವಂತ ಬೆಕ್ಕುಗಳಲ್ಲಿಯೂ ಅದು ಕಾಣುತ್ತದೆ. ಒಂದು ಕಾಲದಲ್ಲಿ ಈ ಹೆಸರು ಕೇಳಿದರೆ ಆಸೆ ಬಿಡುತ್ತಿದ್ದರು. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು ಜಿ.ಎಸ್.-441524 ಎಂಬ ಔಷಧದಿಂದ ಬೆಕ್ಕುಗಳು ಗುಣವಾದುದನ್ನು ಪ್ರಕಟಿಸಿದ ಮೇಲೆ ಆ ಮಾತು ಹಳತಾಯಿತು. ಹೀಗಿರುವಲ್ಲಿ ತಪ್ಪು ಹೆಸರು ಕೊಟ್ಟು ಬೆಕ್ಕನ್ನು ಕೈಬಿಡುವುದೂ ಒಂದು ಹಾನಿಯೇ.

ಇನ್ನೊಂದು ತೊಡಕು ಪೇಟೆಯ ಪ್ರಯೋಗಶಾಲೆಗಳದ್ದು. ಮನುಷ್ಯರ ರಕ್ತ ಎಣಿಸುವ ಯಂತ್ರಕ್ಕೆ ಬೆಕ್ಕಿನ ರಕ್ತ ಹಾಕಿದರೆ ಲೆಕ್ಕ ತಪ್ಪುತ್ತದೆ. ಬೆಕ್ಕಿನ ಕೆಂಪು ಕಣಗಳು ಚಿಕ್ಕವು, ಪ್ಲೇಟ್‌ಲೆಟ್ಟುಗಳು ದೊಡ್ಡವು ಮತ್ತು ಒಂದಕ್ಕೊಂದು ಅಂಟಿಕೊಳ್ಳುವಂತಹವು. ಒಂದನ್ನು ಇನ್ನೊಂದೆಂದು ಯಂತ್ರ ಎಣಿಸುತ್ತದೆ. ಕಾಗದದಲ್ಲಿ ಅಚ್ಚಾಗುವ 'ಸಹಜ ಪ್ರಮಾಣ'ವೂ ಮನುಷ್ಯನದ್ದೇ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಪಶುವೈದ್ಯರು ನೋಡಿದ್ದಾರೆಯೇ ಎಂದು ವಿಚಾರಿಸಬೇಕು.

ಎಲ್ಲಿಗೆ ಹೋಗುವುದು?

ಮೊದಲ ಬಾಗಿಲು ಪಂಚಾಯತಿನ ಮೃಗಾಸ್ಪತ್ರೆಯೇ. ಅಲ್ಲಿಯ ವೈದ್ಯರ ದಿನ ದನಕರುಗಳಲ್ಲಿಯೇ ಕಳೆಯುತ್ತದೆಂಬುದು ನಿಜ. ಇದು ಹೈನುಗಾರಿಕೆಯ ಜಿಲ್ಲೆ. ಆದರೂ ತಪಾಸಣೆ, ತುರ್ತು ಚಿಕಿತ್ಸೆ, ಮುಂದಕ್ಕೆ ಕಳುಹಿಸುವ ಚೀಟಿ ಅಲ್ಲಿ ದೊರಕುತ್ತವೆ. ಸಂಚಾರಿ ಪಶುವೈದ್ಯ ಘಟಕವನ್ನು ಕರೆಯುವ ಸಂಖ್ಯೆ 1962.

ಅದಕ್ಕಿಂತ ಮುಂದಿನ ಪರೀಕ್ಷೆಗೆ ನಮ್ಮ ಜಿಲ್ಲೆಗೇ ಒಂದು ಭಾಗ್ಯವಿದೆ. ಕೇರಳ ಪಶುವೈದ್ಯಕೀಯ ಮತ್ತು ಪ್ರಾಣಿ ವಿಜ್ಞಾನಗಳ ವಿಶ್ವವಿದ್ಯಾನಿಲಯ 2010ರಲ್ಲಿ ಸ್ಥಾಪನೆಯಾದಾಗ ಅದರ ಕೇಂದ್ರಸ್ಥಾನವಾದುದು ವೈತ್ತಿರಿಯ ಸಮೀಪದ ಪೂಕೋಡು. ಅಲ್ಲಿಯ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ರೋಗಿಯನ್ನು ನೋಡುತ್ತಾರೆ. ಹೊತ್ತು ಹೆಚ್ಚು ಹಿಡಿಯಬಹುದು. ಆದರೆ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುವ ಪದ್ಧತಿಯೇ ನಿರ್ಣಯದ ಅರ್ಧ ಭಾಗ. ಘಾಟಿ ಇಳಿದರೆ ತೃಶ್ಶೂರಿನ ಮಣ್ಣುತ್ತಿಯಲ್ಲಿ 1955ರಲ್ಲಿ ಆರಂಭವಾದ ಹಳೆಯ ಕಾಲೇಜಿದೆ.

ಬತ್ತೇರಿಯ ಕಡೆಯ ನಮ್ಮವರಿಗೆ ಮೈಸೂರು ಮನಸ್ಸಿಗೆ ಹತ್ತಿರ. ಅಲ್ಲಿ ನೋವನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದು. ಆದರೆ ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಅತ್ತ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳು ಮಳೆಗಾಲದಲ್ಲಿ ಯಾವಾಗ ಕಟ್ಟಿಕೊಳ್ಳುವುವೆಂದು ಹೇಳಲಾಗದು. ಆದುದರಿಂದ ಸಂಜೆ ನಾಲ್ಕಕ್ಕೆ ಕಂಡ ಲಕ್ಷಣವನ್ನು ರಾತ್ರಿ ಹತ್ತರ ತನಕ ನೋಡುತ್ತಾ ಕೂರುವುದು ಈ ಜಿಲ್ಲೆಯವರಿಗೆ ತಕ್ಕುದಲ್ಲ. ಯಾವ ಆಸ್ಪತ್ರೆ ಎಷ್ಟು ಗಂಟೆಯ ತನಕ ತೆರೆದಿರುತ್ತದೆ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಯಾವ ದಿನ ಇರುತ್ತದೆ ಎಂಬುದನ್ನು ಬೆಕ್ಕು ಸೌಖ್ಯವಾಗಿರುವಾಗಲೇ ಕೇಳಿ ಗೋಡೆಯ ಪಂಚಾಂಗದ ಪಕ್ಕ ಬರೆದಿಡುವುದು ಒಳ್ಳೆಯದು.

ನಮ್ಮ ಭಾಷೆ, ಡಾಕ್ಟರರ ಭಾಷೆ

ಬೆಕ್ಕು ಮಾತನಾಡದು; ಅದರ ಪರವಾಗಿ ನಾವು ಮಾತನಾಡಬೇಕು. ಆ ಮಾತು ಹೆಚ್ಚಾಗಿ ಮಲೆಯಾಳದಲ್ಲಿ ನಡೆಯಬೇಕು. ಪೇಟೆಯ ವ್ಯವಹಾರಕ್ಕೆ ಸಾಲುವ ಮಲೆಯಾಳ ನಮ್ಮ ಹಿರಿಯ ಗೃಹಿಣಿಯರಿಗೆ ರೋಗದ ವಿವರ ಹೇಳಲು ಸಾಲದು. ಆದರೆ ಬೆಕ್ಕನ್ನು ದಿನವಿಡೀ ನೋಡಿರುವವರು ಅವರೇ. ಹುಡುಗರು ಬೆಕ್ಕಿನ ಬುಟ್ಟಿ ಹಿಡಿದುಕೊಂಡು ಹೋಗಿ "ಏನೋ ಹುಷಾರಿಲ್ಲ" ಎಂದು ಹೇಳಿ ಬಂದರೆ ಮುಖ್ಯ ಸಾಕ್ಷಿಯನ್ನು ಮನೆಯಲ್ಲಿಯೇ ಬಿಟ್ಟು ಹೋದಂತೆ.

ಕೆಲವು ಪದಗಳನ್ನು ತಿಳಿದಿರೋಣ. ವಾಂತಿ ಅಲ್ಲಿ 'ಛರ್ದಿ', ಭೇದಿ 'ವಯರಿಳಕ್ಕಂ', ಜ್ವರ 'ಪನಿ', ಮೂತ್ರ ಕಟ್ಟುವುದು 'ಮೂತ್ರ ತಡಸ್ಸಂ', ಉಸಿರುಕಟ್ಟುವುದು 'ಶ್ವಾಸಂ ಮುಟ್ಟಲ್', ಚುಚ್ಚುಮದ್ದು 'ಕುತ್ತಿವೆಯ್ಪ್'. ಮೋಸಗೊಳಿಸುವ ಪದಗಳೂ ಇವೆ. ಡಾಕ್ಟರರು 'ಕ್ಷೀಣಂ' ಎಂದರೆ ಆಯಾಸವೆಂದು ಅರ್ಥ. ನಮ್ಮ ಕಿವಿಗೆ ಅದು ದಿನೇ ದಿನೇ ಕುಗ್ಗುತ್ತಿದೆ ಎಂದು ಕೇಳಿ ಎದೆ ಒಡೆಯುತ್ತದೆ. ರೋಗದ ಹೆಸರು, ಮದ್ದಿನ ಹೆಸರು, ಪ್ರಮಾಣ ಇವನ್ನು ಬಿಡಿ ಅಕ್ಷರಗಳಲ್ಲಿ ಬರೆಸಿಕೊಳ್ಳಬೇಕು. ಬರೆಸಿಕೊಂಡ ಕಾಗದ ಪೂಕೋಡಿನಲ್ಲಿಯೂ ಮೈಸೂರಿನಲ್ಲಿಯೂ ಒಂದೇ ಮಾತನ್ನು ಹೇಳುತ್ತದೆ.

ಒಯ್ಯಬೇಕಾದುದು, ಕೇಳಬೇಕಾದುದು

ಒಂದು ನೋಟುಪುಸ್ತಕ ಬೆಕ್ಕಿನ ಹೆಸರಿನಲ್ಲಿರಲಿ. ವಯಸ್ಸು, ಹಾಕಿಸಿದ ಚುಚ್ಚುಮದ್ದು, ಕೊನೆಯ ಬಾರಿ ತಿಂದ ಹೊತ್ತು, ಮೂತ್ರ ಮಾಡಿದ ಹೊತ್ತು, ವಾಂತಿಯ ಬಣ್ಣ, ಮನೆಯಲ್ಲಿ ಕೊಟ್ಟ ಮದ್ದು ಇವನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಇಲಿ ಪಾಷಾಣ ಇಟ್ಟಿದ್ದರೆ ಅದರ ಪೊಟ್ಟಣವನ್ನೇ ಒಯ್ಯಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯ ಪಾಷಾಣ ತನ್ನ ಗುಣವನ್ನು ತೋರಿಸುವುದು ಕೆಲವು ದಿನಗಳ ಬಳಿಕ. ಕೆಮ್ಮು, ಸೆಳವು ಮುಂತಾದವು ಡಾಕ್ಟರರ ಎದುರು ಬಾರದಿದ್ದಾವು. ಮನೆಯಲ್ಲಿಯೇ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟರೆ ನೂರು ಮಾತಿಗಿಂತ ಮೇಲು. ಮಲಗಿರುವಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ ಅದನ್ನೂ ಹೇಳಬೇಕು. ಸಹಜವಾದ ಮೈಬಿಸಿ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೈಗೆ ಬಿಸಿಯೆನಿಸಿದ್ದೆಲ್ಲ ಜ್ವರವಲ್ಲ.

ಡಾಕ್ಟರರಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಯಾವ ಯಾವ ರೋಗವಿರಬಹುದು? ಅವುಗಳನ್ನು ಬೇರ್ಪಡಿಸಲು ಯಾವ ಪರೀಕ್ಷೆ ಬೇಕು? ಪರೀಕ್ಷೆಯ ಫಲ ಹೇಗೆ ಬಂದರೆ ಚಿಕಿತ್ಸೆ ಬದಲಾಗುತ್ತದೆ? ಮೂರನೆಯದಕ್ಕೆ 'ಬದಲಾಗದು' ಎಂಬ ಉತ್ತರ ಬಂದರೆ ಆ ಪರೀಕ್ಷೆಯ ಹಣ ಉಳಿಸಬಹುದು. ಎಲ್ಲ ಪರೀಕ್ಷೆಗಳಿಗೂ ಕೈಯಲ್ಲಿ ಹಣವಿಲ್ಲದಿದ್ದರೆ ನಾಚಿಕೆಪಡದೆ ಹೇಳಬೇಕು. ಮೊದಲು ಯಾವುದು ಅತ್ಯಗತ್ಯವೆಂದು ಅವರೇ ಆರಿಸಿ ಕೊಡುತ್ತಾರೆ.

ಒಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಸ್ವಭಾವ ಬದಲಾಗಿ ಕಾರಣವಿಲ್ಲದೆ ಮೇಲೆ ಬೀಳುವ ಬೆಕ್ಕನ್ನು ಬರಿಗೈಯಲ್ಲಿ ಹಿಡಿಯಬಾರದು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ ಮತ್ತು ಜೀವಂತ ಪ್ರಾಣಿಯಲ್ಲಿ ಅದನ್ನು ಖಚಿತಪಡಿಸುವ ಪರೀಕ್ಷೆಯಿಲ್ಲ. ಸತ್ತ ಬಳಿಕ ಮೆದುಳನ್ನು ನೋಡಿಯೇ ಹೇಳಬೇಕು. ಕಚ್ಚಿದರೆ ಯಾ ಪರಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಇಲ್ಲಿ ಬೆಕ್ಕಿನ ರೋಗನಿರ್ಣಯಕ್ಕಾಗಿ ಕಾಯಬಾರದು.

ಇಂದೇ ಮಾಡಬಹುದಾದ ಒಂದು ಕೆಲಸವುಂಟು. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು ನೋಡಿ, ಆಮೇಲೆ ಒಬ್ಬರೇ ನಿಂತು ನೋಡಿ ಕಳೆಯಿರಿ. ನಾಲ್ಕು ಕಿಲೋದ ಬೆಕ್ಕು 400 ಗ್ರಾಮು ಇಳಿದರೆ ಅರುವತ್ತು ಕಿಲೋದ ಮನುಷ್ಯ ಆರು ಕಿಲೋ ಇಳಿದಂತೆ. ಕಣ್ಣಿಗೆ ಅದು ಕಾಣದು, ತಕ್ಕಡಿಗೆ ಕಾಣುತ್ತದೆ. ಆ ಅಂಕೆಯನ್ನು ತಾರೀಕಿನೊಂದಿಗೆ ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದು, ಪ್ರತಿ ತಿಂಗಳೂ ಅದರ ಕೆಳಗೆ ಇನ್ನೊಂದನ್ನು ಸೇರಿಸುತ್ತಾ ಬನ್ನಿರಿ.